ಟ್ರ್ಯಾಕ್ಟರಿಗೆ ಯಾವ ಆಯಿಲ್ ಹಾಕಬೇಕು?



ಎತ್ತು ಕಟ್ಟುತ್ತಿದ್ದ ಕಾಲದಲ್ಲಿ ಯಾವ ಹಿಂಡಿ ಹಾಕಬೇಕು, ಎಷ್ಟು ಮೇವು ಹಾಕಬೇಕು ಎಂಬುದು ಮನೆಯ ಹಿರಿಯರಿಗೆ ತಿಳಿದಿರುತ್ತಿತ್ತು. ಅದನ್ನು ಯಾರೂ ಅಂಗಡಿಯವನ ಹತ್ತಿರ ಕೇಳಲು ಹೋಗುತ್ತಿರಲಿಲ್ಲ. ಈಗ ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್ ಬಂದು ನಿಂತಿದೆ. ಅದಕ್ಕೆ ಯಾವ ಆಯಿಲ್ ಹಾಕಬೇಕು ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಮೂರು ಉತ್ತರ ಬರುತ್ತವೆ. ‘ಬ್ಯಾರಲ್ಲಿನ ಬಿಡಿ ಆಯಿಲ್ ಸಾಕು, ಇಷ್ಟು ವರ್ಷ ಅದರ ಮೇಲೇ ನಡೆದಿದೆ’ ಎಂದು ತಂದೆ ಹೇಳುತ್ತಾರೆ. ‘ಸಿಂಥೆಟಿಕ್ ಹಾಕೋಣ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ನೋಡುವುದು ಬೇಡ’ ಎಂದು ಮಗ ಹೇಳುತ್ತಾನೆ. ಅಂಗಡಿಯವನು ಮಾತಾಡದೆ ಹೆಚ್ಚು ಬೆಲೆಯ ಡಬ್ಬಿಯನ್ನು ಮುಂದೆ ಇಡುತ್ತಾನೆ.

ಇದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಬಹಳಷ್ಟು ಟ್ರ್ಯಾಕ್ಟರುಗಳು ಹೊಲದ ಉತಾರದ ಮೇಲೆ ಸಾಲ ತೆಗೆದು ತಂದವು. ಎಂಜಿನ್ ಬೋರಿಗೆ ಬಂದರೆ ಖರ್ಚು ಒಂದು ಕಂತನ್ನೇ ನುಂಗಿಬಿಡುತ್ತದೆ. ಹಣಕ್ಕಿಂತ ದೊಡ್ಡ ಹಾನಿ ದಿನಗಳದು. ಜತ್ತ ತಾಲೂಕಿನಂಥ ಬರದ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತನೆಗೆ ಹದ ಸಿಗುವುದೇ ಕೆಲವು ದಿನ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿದ್ದರೆ ವರ್ಷದ ರೊಟ್ಟಿಯೇ ಹೋದಂತೆ. ಇನ್ನು ದ್ರಾಕ್ಷಿ ತೋಟದವರಿಗೆ ಅಕ್ಟೋಬರ್ ಛಾಟಣಿಯಾದ ಮೇಲೆ ಔಷಧ ಹೊಡೆಯುವುದು ಎರಡು ದಿನ ತಪ್ಪಿದರೂ ರೋಗ ಕಾದು ಕುಳಿತಿರುತ್ತದೆ.

ಆದುದರಿಂದ ಈ ಅಂಕಣದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಓಡುವ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಸರಿಯಾದ ದರ್ಜೆಯ ಸಾದಾ ಆಯಿಲೇ ಸಾಕು. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಸಿಂಥೆಟಿಕ್ಕಿಗೆ ಕೊಡುವ ಹೆಚ್ಚಿನ ಹಣವನ್ನು ಏರ್ ಕ್ಲೀನರಿಗೂ ಫಿಲ್ಟರಿಗೂ ಹಾಕಿದರೆ ಎಂಜಿನ್ ಹೆಚ್ಚು ಕಾಲ ಬಾಳುತ್ತದೆ. ಹೀಗೆ ಹೇಳಲು ಕಾರಣಗಳೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಎರಡು ಆಯಿಲ್‌ಗಳ ವ್ಯತ್ಯಾಸ

ಸಾದಾ ಆಯಿಲನ್ನು ಮಿನರಲ್ ಆಯಿಲ್ ಎನ್ನುತ್ತಾರೆ. ನೆಲದಿಂದ ತೆಗೆದ ಕಚ್ಚಾ ಎಣ್ಣೆಯಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇರೆಯಾದ ಮೇಲೆ ಉಳಿಯುವ ಭಾರವಾದ ಭಾಗವನ್ನು ಶುದ್ಧಿ ಮಾಡಿ ಇದನ್ನು ತಯಾರಿಸುತ್ತಾರೆ. ಎಷ್ಟು ಶುದ್ಧಿ ಮಾಡಿದರೂ ಅದರಲ್ಲಿ ಸಣ್ಣ ಅಣು, ದೊಡ್ಡ ಅಣು, ಸ್ವಲ್ಪ ಮೇಣ ಕೂಡಿಕೊಂಡೇ ಇರುತ್ತವೆ. ಜರಡಿ ಹಿಡಿಯದ ಕಾಳಿನ ರಾಶಿಯಂತೆ ಎಂದು ತಿಳಿಯಿರಿ. ಸಿಂಥೆಟಿಕ್ ಆಯಿಲಿನಲ್ಲಿ ಅಣುಗಳನ್ನು ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಗೆ ಕಟ್ಟಿರುತ್ತಾರೆ. ಇದು ಜರಡಿ ಹಿಡಿದು ಆರಿಸಿದ ಬೀಜದಂತೆ.

ಇದರಿಂದ ಏನು ಲಾಭ? ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗುತ್ತದೆ, ಪಕ್ಕದಲ್ಲೇ ಇಟ್ಟ ಕುಸುಬಿ ಎಣ್ಣೆ ತೆಳ್ಳಗೇ ಇರುತ್ತದೆ. ಬಹಳ ಚಳಿಯಲ್ಲಿ ಸಾದಾ ಆಯಿಲ್ ಮತ್ತು ಸಿಂಥೆಟಿಕ್ ಆಯಿಲ್ ನಡುವೆ ಇರುವ ಭೇದ ಹೆಚ್ಚುಕಡಿಮೆ ಇಂಥದ್ದೇ. ಎರಡನೆಯ ಲಾಭ, ವಿಪರೀತ ಕಾವಿನಲ್ಲಿ ಸಿಂಥೆಟಿಕ್ ಬೇಗ ಕೆಟ್ಟು ಗಟ್ಟಿಯಾಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಚ್ಚಾ ಎಣ್ಣೆಯ ಕೊರತೆಗೆ ಸಿಕ್ಕಿದ ಜರ್ಮನಿ ಇಂಥ ಎಣ್ಣೆಗಳನ್ನು ತಯಾರಿಸತೊಡಗಿತು. ಆಮೇಲೆ ಜೆಟ್ ವಿಮಾನಗಳಿಗೆ ಇವು ಬೇಕೇಬೇಕಾದವು. 1970ರ ದಶಕದಲ್ಲಿ ಕಾರುಗಳಿಗೂ ಬಂದವು. ಸಿಂಥೆಟಿಕ್ ಒಳ್ಳೆಯ ವಸ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಯಾವ ಕಷ್ಟಕ್ಕೆ ಹುಟ್ಟಿತೋ ಆ ಕಷ್ಟ ನಮ್ಮ ಹೊಲದಲ್ಲಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ‘ಸಿಂಥೆಟಿಕ್’ ಎಂಬ ಮಾತಿನ ಅರ್ಥವೇ ಮೊದಲಿನಂತೆ ಉಳಿದಿಲ್ಲ. ಕಚ್ಚಾ ಎಣ್ಣೆಯನ್ನೇ ಬಹಳ ಒತ್ತಡದಲ್ಲಿ, ಜಲಜನಕದ ಸಹಾಯದಿಂದ ಶುದ್ಧಿ ಮಾಡಿದ ಎಣ್ಣೆಗೂ ಆ ಹೆಸರಿಡಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ವ್ಯಾಜ್ಯ ನಡೆಯಿತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲಿಸುವ ಮಂಡಳಿ ಇಡಬಹುದು ಎಂದು ತೀರ್ಮಾನಿಸಿತು. ಅಂದಿನಿಂದ ಸಿಂಥೆಟಿಕ್ ಎಂಬ ಹೆಸರಿನಲ್ಲಿ ಬೇರೆ ಬೇರೆ ಬಗೆಯ ಎಣ್ಣೆಗಳು ಮಾರಾಟವಾಗುತ್ತಿವೆ. ‘ಸೆಮಿ ಸಿಂಥೆಟಿಕ್’ ಎಂದರೆ ಎರಡರ ಮಿಶ್ರಣ. ಎಷ್ಟಕ್ಕೆ ಎಷ್ಟು ಎಂಬುದನ್ನು ಸಾಮಾನ್ಯವಾಗಿ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಹೀಗಾಗಿ ದೊಡ್ಡ ಅಕ್ಷರದ ಹೆಸರನ್ನು ನೋಡಿ ಕೊಳ್ಳುವುದಕ್ಕಿಂತ ಸಣ್ಣ ಅಕ್ಷರದ ದರ್ಜೆಯನ್ನು ಓದುವುದು ಮೇಲು.

ಡಬ್ಬಿಯ ಮೇಲಿನ ಅಂಕಿಗಳು

ಡಬ್ಬಿಯ ಮೇಲೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಎಂದು ಬರೆದಿರುತ್ತದೆ. ‘ಡಬ್ಲ್ಯೂ’ ಎಂಬುದು ಇಂಗ್ಲಿಷಿನಲ್ಲಿ ಚಳಿಗಾಲದ ಮೊದಲ ಅಕ್ಷರ. ಅದರ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ತೆಳ್ಳಗಿರುತ್ತದೆ ಎಂಬುದನ್ನು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಚಳಿಗೆ ಒಳ್ಳೆಯದು. 15ಡಬ್ಲ್ಯೂ ಎಂಬ ಆಯಿಲನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ ತಿರುಗುವಂತಿರಬೇಕು ಎಂದು ಪರೀಕ್ಷೆ ಮಾಡಿರುತ್ತಾರೆ. ಸಿಂಥೆಟಿಕ್ಕಿನಲ್ಲಿ ಸಿಗುವ 5ಡಬ್ಲ್ಯೂ ಅದಕ್ಕಿಂತಲೂ ಕೆಟ್ಟ ಚಳಿಗೆ ಆಗುವಂಥದ್ದು. ಉಮದಿಯಲ್ಲಾಗಲಿ, ಸಂಖದಲ್ಲಾಗಲಿ, ಮಾಡಗ್ಯಾಳದಲ್ಲಾಗಲಿ ಡಿಸೆಂಬರಿನ ಬೆಳಗಿನ ಜಾವ ನಾವು ಕಂಬಳಿ ಹೊದ್ದರೂ ಕೊಡದ ನೀರು ಹೆಪ್ಪುಗಟ್ಟುವುದಿಲ್ಲ. ಅಂದ ಮೇಲೆ ಸಿಂಥೆಟಿಕ್ಕಿನ ಮೊದಲ ಲಾಭಕ್ಕಾಗಿ ನಾವು ಕೊಡುವ ಹಣ ವ್ಯರ್ಥವಾದಂತೆಯೇ.

ಕೊನೆಯ ಅಂಕಿ, ಅಂದರೆ 40, ಎಂಜಿನ್ ಕಾದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ಗುರುತು. ಇದನ್ನು 100 ಡಿಗ್ರಿ ಕಾವಿನಲ್ಲಿ ಅಳೆಯುತ್ತಾರೆ. ಸಾದಾ ಆಯಿಲಿನ 40ಕ್ಕೂ ಸಿಂಥೆಟಿಕ್ಕಿನ 40ಕ್ಕೂ ಇರುವ ಅಳತೆ ಒಂದೇ. ‘ಸಿಂಥೆಟಿಕ್ ದಪ್ಪ ಇರುತ್ತದೆ, ಅದಕ್ಕೇ ಎಂಜಿನ್ ಕಾಯುತ್ತದೆ’ ಎಂಬ ಮಾತಿನಲ್ಲಿ ಹುರುಳಿಲ್ಲ.

ಮೂರನೆಯದು ಎಪಿಐ ದರ್ಜೆ. ಇದೇ ಎಲ್ಲಕ್ಕಿಂತ ಮುಖ್ಯ. ಡೀಸೆಲ್ ಎಂಜಿನ್ನಿನ ದರ್ಜೆ ‘ಸಿ’ ಅಕ್ಷರದಿಂದಲೂ ಪೆಟ್ರೋಲ್ ಎಂಜಿನ್ನಿನದು ‘ಎಸ್’ ಅಕ್ಷರದಿಂದಲೂ ಆರಂಭವಾಗುತ್ತದೆ. ಸಿಎಫ್-4 ಎಂಬುದು 1990ರಷ್ಟು ಹಳೆಯದು. ಸಿಎಚ್-4 ದರ್ಜೆ 1998ರಲ್ಲಿ ಬಂತು. ಸಿಐ-4 ಬಂದದ್ದು 2002ರಲ್ಲಿ, ಸಿಜೆ-4 ಬಂದದ್ದು 2006ರಲ್ಲಿ. 2016ರ ಕೊನೆಗೆ ಸಿಕೆ-4 ಬಂತು. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಪರೀಕ್ಷೆ ಕಠಿಣ. ಇಲ್ಲಿ ಗಮನಿಸಬೇಕಾದ ಮಾತು ಏನೆಂದರೆ, ಈ ದರ್ಜೆಗೂ ಸಿಂಥೆಟಿಕ್ ಎಂಬ ಹೆಸರಿಗೂ ನೇರ ಸಂಬಂಧವಿಲ್ಲ. ಸಿಐ-4 ದರ್ಜೆಯ ಸಾದಾ ಆಯಿಲ್ ಸಿಗುತ್ತದೆ. ಕೆಳದರ್ಜೆಯ ಆಯಿಲಿಗಿಂತ ಅದಕ್ಕೆ ಸ್ವಲ್ಪ ಹೆಚ್ಚು ಬೆಲೆ ಇರಬಹುದು. ಆ ಹೆಚ್ಚಳ ಕೊಡಲು ಹಿಂಜರಿಯಬೇಡಿ.

ಯಾಕೆಂದರೆ ಡಬ್ಬಿಯಲ್ಲಿರುವುದೆಲ್ಲ ಬರಿಯ ಎಣ್ಣೆಯಲ್ಲ. ಮಸಿಯನ್ನು ತೊಳೆಯುವ, ಹುಳಿಯನ್ನು ಮುರಿಯುವ, ಲೋಹ ಸವೆಯದಂತೆ ತಡೆಯುವ ಔಷಧಗಳನ್ನು ಅದರಲ್ಲಿ ಬೆರೆಸಿರುತ್ತಾರೆ. ಎಂಜಿನ್ನನ್ನು ಕಾಯುವ ಕೆಲಸದಲ್ಲಿ ಈ ಔಷಧಗಳ ಪಾಲು ಬಹಳ ದೊಡ್ಡದು. ಸಾದಾ ಆಯಿಲಿರಲಿ, ಸಿಂಥೆಟಿಕ್ ಇರಲಿ, ಒಂದೇ ದರ್ಜೆ ಬರೆದಿದ್ದರೆ ಆ ದರ್ಜೆಯ ಪರೀಕ್ಷೆಗಳನ್ನು ಎರಡೂ ದಾಟಿರಬೇಕು.

ಹಣದ ಲೆಕ್ಕ

ಮಕ್ಕಳು ಹೇಳುವ ಮುಖ್ಯ ಮಾತು ಇದು: ‘ಸಿಂಥೆಟಿಕ್ ಬೆಲೆ ಹೆಚ್ಚಾದರೂ ಹೆಚ್ಚು ದಿನ ಬರುತ್ತದೆ.’ ಇದನ್ನು ಕಾಗದದ ಮೇಲೆ ಲೆಕ್ಕ ಮಾಡಿ ನೋಡೋಣ. ಬೆಲೆಗಳು ಊರಿಂದೂರಿಗೆ ಬೇರೆ ಇರುವುದರಿಂದ ಇಲ್ಲಿ ಉದಾಹರಣೆಗೆ ಒಂದು ಅಂಕಿ ಹಿಡಿದಿದ್ದೇನೆ. ನೀವು ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ.

ಎಂಜಿನ್ನಿಗೆ 8 ಲೀಟರ್ ಆಯಿಲ್ ಹಿಡಿಯುತ್ತದೆ ಎನ್ನೋಣ. ಸಾದಾ ಆಯಿಲ್ ಲೀಟರಿಗೆ 300 ರೂಪಾಯಿ, ಸಿಂಥೆಟಿಕ್ 700 ರೂಪಾಯಿ, ಫಿಲ್ಟರ್ 400 ರೂಪಾಯಿ. ಸಾದಾ ಆಯಿಲನ್ನು 250 ತಾಸಿಗೊಮ್ಮೆ ಬದಲಿಸಿದರೆ 1000 ತಾಸಿಗೆ ನಾಲ್ಕು ಸಲ. ಆಯಿಲಿಗೆ 9600, ಫಿಲ್ಟರಿಗೆ 1600, ಒಟ್ಟು 11,200 ರೂಪಾಯಿ. ಸಿಂಥೆಟಿಕ್ ಹಾಕಿ ಪುಸ್ತಕದಲ್ಲಿ ಹೇಳಿದಂತೆ ಅದನ್ನೂ 250 ತಾಸಿಗೇ ಬದಲಿಸಿದರೆ 24,000 ರೂಪಾಯಿ. ಇನ್ನು ಪುಸ್ತಕದ ಮಾತು ಬಿಟ್ಟು 500 ತಾಸಿಗೆ ಒಯ್ದರೆ ಎರಡು ಸಲ, ಅಂದರೆ ಆಯಿಲಿಗೆ 11,200, ಫಿಲ್ಟರಿಗೆ 800, ಒಟ್ಟು 12,000 ರೂಪಾಯಿ. ಅವಧಿಯನ್ನು ದುಪ್ಪಟ್ಟು ಮಾಡಿದರೂ ಉಳಿತಾಯವೇನೂ ಇಲ್ಲ, 800 ರೂಪಾಯಿ ಹೆಚ್ಚೇ ಖರ್ಚಾಯಿತು. ಮೇಲಾಗಿ, ವಾರಂಟಿ ಇರುವ ಟ್ರ್ಯಾಕ್ಟರಾದರೆ ಪುಸ್ತಕದ ತಾಸು ಮೀರಿದ್ದಕ್ಕೆ ಕಂಪನಿಯವರು ಹೊಣೆ ಹೊರುವುದಿಲ್ಲ.

ಪರದೇಶದ ದೊಡ್ಡ ಲಾರಿ ಕಂಪನಿಗಳು ಅವಧಿಯನ್ನು ಮುಂದಕ್ಕೆ ಒಯ್ಯುತ್ತವೆ ನಿಜ. ಆದರೆ ಅವರು ಆಗಾಗ ಆಯಿಲಿನ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳಿಸಿ, ಅದರಲ್ಲಿ ಎಷ್ಟು ಮಸಿ, ಎಷ್ಟು ಧೂಳು, ಎಷ್ಟು ಕಬ್ಬಿಣ ಸೇರಿದೆ ಎಂದು ನೋಡಿಯೇ ಮುಂದೆ ಹೋಗುತ್ತಾರೆ. ಅವರ ಲಾರಿ ಡಾಂಬರಿನ ಮೇಲೆ ಓಡುತ್ತದೆ, ನಮ್ಮ ಟ್ರ್ಯಾಕ್ಟರ್ ಒಣ ಮಣ್ಣಿನಲ್ಲಿ ರೋಟಾವೇಟರ್ ಎಳೆಯುತ್ತದೆ.

ನಮ್ಮ ನಿಜವಾದ ವೈರಿ ಧೂಳು

ನನ್ನ ಅಭಿಪ್ರಾಯದ ತಿರುಳು ಇಲ್ಲಿದೆ. ಮೂರು ಲೀಟರ್ ಅಳತೆಯ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಒಂದು ತಾಸಿಗೆ ಸುಮಾರು ಒಂದೂವರೆ ಲಕ್ಷ ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಒಣ ನೆಲವನ್ನು ಹೊಡೆಯುವಾಗ ಟ್ರ್ಯಾಕ್ಟರಿನ ಸುತ್ತಲಿನ ಗಾಳಿ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ನಡೆಸುವವನ ರೆಪ್ಪೆಯೂ ಕೆಂಪಾಗಿರುತ್ತದೆ. ಎಂಜಿನ್ನಿನ ಒಳಗೆ ಲೋಹ ಮತ್ತು ಲೋಹದ ನಡುವೆ ನಿಲ್ಲುವ ಆಯಿಲಿನ ಪೊರೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಕಣ್ಣಿಗೆ ಕಾಣದ ಮರಳಿನ ಕಣವೊಂದು ಆ ಪೊರೆಗಿಂತ ದಪ್ಪವಾಗಿದ್ದರೆ ಅದು ಲೈನರಿನ ಮೇಲೆ ಅರದಂತೆ ಕೆಲಸ ಮಾಡುತ್ತದೆ. ಆಯಿಲ್ ಸಾದಾವೋ ಸಿಂಥೆಟಿಕ್ಕೋ ಎಂದು ಆ ಕಣ ಕೇಳುವುದಿಲ್ಲ.

ಹೀಗಾಗಿ 700 ರೂಪಾಯಿಯ ಆಯಿಲ್ ಹಾಕಿ, ಬಿರುಕು ಬಿಟ್ಟ ರಬ್ಬರ್ ಪೈಪಿನ ಮೂಲಕ ಧೂಳು ಒಳಗೆ ಬಿಡುವ ಮನುಷ್ಯ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟವನಂತೆ. ಏರ್ ಕ್ಲೀನರ್ ಎರಡು ಬಗೆಯದು. ಕೆಳಗೆ ಆಯಿಲ್ ತುಂಬಿದ ಬಟ್ಟಲು ಇರುವುದು ಒಂದು. ಧೂಳಿನ ಕೆಲಸವಿದ್ದಾಗ ಆ ಬಟ್ಟಲನ್ನು ದಿನಾಲು ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕಂಡರೆ ತೆಗೆದು ತೊಳೆದು, ಗುರುತಿನವರೆಗೆ ಹೊಸ ಆಯಿಲ್ ಹಾಕಬೇಕು. ಎಂಜಿನ್ನಿನಿಂದ ತೆಗೆದ ಕರಿ ಆಯಿಲನ್ನು ಅದಕ್ಕೆ ಸುರಿಯಬಾರದು. ಇನ್ನೊಂದು ಕಾಗದದ ಫಿಲ್ಟರ್ ಇರುವುದು. ಅದನ್ನು ನೆಲಕ್ಕೆ ಬಡಿಯುವುದು, ಡೀಸೆಲಿನಲ್ಲಿ ತೊಳೆಯುವುದು ಎರಡೂ ತಪ್ಪು. ಕಡಿಮೆ ಒತ್ತಡದ ಗಾಳಿಯಿಂದ ಒಳಗಿನಿಂದ ಹೊರಕ್ಕೆ ಊದಬೇಕು. ಕೆಲವು ಸಲ ಊದಿದ ಮೇಲೆ ಹೊಸದನ್ನೇ ಹಾಕಬೇಕು. ಕಾಗದದಲ್ಲಿ ಸೂಜಿಯಷ್ಟು ತೂತು ಬಿದ್ದರೂ ಅದು ಇದ್ದೂ ಇಲ್ಲದಂತೆ.

ಆಯಿಲ್ ಬದಲಿಸುವುದೆಂದರೆ ಒಳಗೆ ಸೇರಿದ ಧೂಳು, ಮಸಿ, ಹುಳಿಯನ್ನು ಹೊರಗೆ ತೆಗೆಯುವುದು ಎಂದೇ ಅರ್ಥ. ಆದುದರಿಂದ ಧೂಳಿನ ಸೀಮೆಯಲ್ಲಿ ಕಡಿಮೆ ಬೆಲೆಯ ಆಯಿಲನ್ನು ಹೊತ್ತಿಗೆ ಸರಿಯಾಗಿ ತೆಗೆಯುವವನು ಹೆಚ್ಚು ಬೆಲೆಯ ಆಯಿಲನ್ನು ಬಿಡದೆ ಓಡಿಸುವವನಿಗಿಂತ ಜಾಣ.

ಸಿಂಥೆಟಿಕ್ ಎಲ್ಲಿ ಬೇಕು?

ಎಲ್ಲ ಟ್ರ್ಯಾಕ್ಟರುಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. 2023ರ ಜನವರಿಯಿಂದ ನಮ್ಮ ದೇಶದಲ್ಲಿ 50 ಅಶ್ವಶಕ್ತಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಇಂಥ ಯಂತ್ರಗಳಲ್ಲಿ ಡೀಸೆಲನ್ನು ಕಂಪ್ಯೂಟರ್ ಅಳೆದು ಬಿಡುತ್ತದೆ. ಹೊಗೆಯ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುವ ಯಂತ್ರಗಳೂ ಇವೆ. ಆ ಜಾಲರಿ ಕಟ್ಟಿಕೊಳ್ಳದಿರಲು ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಸಿಜೆ-4, ಸಿಕೆ-4 ದರ್ಜೆಗಳು ಅದಕ್ಕಾಗಿಯೇ ಬಂದವು. ಇಲ್ಲಿ ‘ನಮ್ಮ ಹಳೇ ಟ್ರ್ಯಾಕ್ಟರಿಗೆ ಇದೇ ಹಾಕುತ್ತಿದ್ದೆವು’ ಎಂದು ಹಿರಿಯರು ಹಟ ಹಿಡಿಯಬಾರದು. ಪುಸ್ತಕದಲ್ಲಿ ಸಿಂಥೆಟಿಕ್ ಎಂದೇ ಬರೆದಿದ್ದರೆ ಅದನ್ನೇ ಹಾಕಬೇಕು, ಬಿಲ್ಲನ್ನು ಜೋಪಾನ ಮಾಡಬೇಕು.

ಕಟಾವು ಯಂತ್ರ ಇಟ್ಟುಕೊಂಡು ಕಬ್ಬಿನ ಸೀಮೆಯಲ್ಲಿ ಹಗಲು ರಾತ್ರಿ ಬಾಡಿಗೆ ಮಾಡುವವರಿಗೂ ಸಿಂಥೆಟಿಕ್ ಬಗ್ಗೆ ಯೋಚಿಸಲು ಕಾರಣವಿದೆ. ಟರ್ಬೊ ಇರುವ ಎಂಜಿನ್ ದಿನವಿಡೀ ಕಾದೇ ಇರುವಲ್ಲಿ ಅದರ ಎರಡನೆಯ ಲಾಭ, ಅಂದರೆ ಕಾವಿಗೆ ಕೆಡದಿರುವ ಗುಣ, ಉಪಯೋಗಕ್ಕೆ ಬರುತ್ತದೆ. ಆದರೆ ಐದಾರು ಎಕರೆಯ ಒಣಬೇಸಾಯದವರಿಗೂ ಸಣ್ಣ ಟ್ರ್ಯಾಕ್ಟರಿನಿಂದ ತೋಟಕ್ಕೆ ಔಷಧ ಹೊಡೆಯುವವರಿಗೂ ಆ ಮಾತು ಅನ್ವಯಿಸುವುದಿಲ್ಲ. ಇನ್ನು ಹೊಗೆ ಬಿಡುವ, ಆಯಿಲ್ ಕುಡಿಯುವ ಹಳೆಯ ಎಂಜಿನ್ನಿಗೆ ಸಿಂಥೆಟಿಕ್ ಹಾಕುವುದೆಂದರೆ ತುಪ್ಪವನ್ನು ಒಲೆಗೆ ಸುರಿದಂತೆ.

ಹಿರಿಯರಿಗೆ ಎರಡು ಮಾತು

ಬಿಡಿ ಆಯಿಲಿನ ಪಕ್ಷ ಹಿಡಿಯುವವರಿಗೂ ಹೇಳುವುದಿದೆ. ತೆರೆದ ಬ್ಯಾರಲ್ಲಿನಿಂದ ಅಳೆದು ಕೊಡುವ ಆಯಿಲಿಗೆ ದರ್ಜೆಯ ಖಾತ್ರಿ ಇಲ್ಲ, ಧೂಳಿನಿಂದ ರಕ್ಷಣೆಯೂ ಇಲ್ಲ. ಲೀಟರಿಗೆ ಕೆಲವು ರೂಪಾಯಿ ಉಳಿಸಲು ಹೋಗಿ ಎಂಜಿನ್ನನ್ನೇ ಒತ್ತೆ ಇಡಬಾರದು. ನಾನು ಸಾದಾ ಆಯಿಲ್ ಎಂದದ್ದು ಸೀಲು ಇರುವ, ಹೆಸರು ಇರುವ, ದರ್ಜೆ ಬರೆದಿರುವ, ಬಿಲ್ ಸಿಗುವ ಆಯಿಲಿಗೆ. ಖಾಲಿ ಡಬ್ಬಿಗಳನ್ನು ಕೊಂಡು ನಕಲಿ ಮಾಲು ತುಂಬುವವರು ಇದ್ದಾರೆ. ಆದುದರಿಂದ ಖಾಲಿಯಾದ ಡಬ್ಬಿಗೆ ಮೊಳೆಯಿಂದ ತೂತು ಹೊಡೆದೇ ಗುಜರಿಗೆ ಹಾಕಿರಿ.

ಎರಡನೆಯದಾಗಿ, ‘ಹಾಕಿ ಎರಡು ದಿನಕ್ಕೇ ಕರ್ರಗಾಯಿತು, ಆಯಿಲ್ ಕೆಟ್ಟದ್ದು’ ಎಂಬ ಮಾತು ಸರಿಯಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಹುಟ್ಟಿಯೇ ಹುಟ್ಟುತ್ತದೆ. ಒಳ್ಳೆಯ ಆಯಿಲ್ ಆ ಮಸಿಯನ್ನು ಪಿಸ್ಟನ್ನಿಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಬಟ್ಟೆಯ ಕೊಳೆ ಸಬೂನಿನ ನೀರಿಗೆ ಇಳಿದಂತೆ. ಬಣ್ಣ ನೋಡಿ ಬದಲಿಸಬೇಡಿ, ಮೀಟರಿನ ತಾಸು ನೋಡಿ ಬದಲಿಸಿರಿ. ಆದರೆ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾದರೆ ನೀರು ಸೇರಿದೆ ಎಂದು ತಿಳಿಯಿರಿ. ಕಡ್ಡಿಯ ಮೇಲಿನ ಮಟ್ಟ ತಾನಾಗಿ ಏರಿದರೆ ಡೀಸೆಲ್ಲೋ ನೀರೋ ಇಳಿಯುತ್ತಿರಬಹುದು. ಎರಡೂ ಸಂದರ್ಭಗಳಲ್ಲಿ ಎಂಜಿನ್ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಯಬೇಕು.

ಒಂದು ಸಮಾಧಾನದ ಸಂಗತಿಯೂ ಇದೆ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲಿನಲ್ಲಿ ನೂರಕ್ಕೆ ಒಂದು ಭಾಗದವರೆಗೆ ಗಂಧಕ ಇರುತ್ತಿತ್ತು. ಅದು ಸುಟ್ಟು, ನೀರಿನ ಅಂಶದೊಡನೆ ಸೇರಿ ಹುಳಿಯಾಗಿ ಆಯಿಲನ್ನು ಕೆಡಿಸುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಮಾರುವ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಹಿಂದಿಗಿಂತ ಇಂದಿನ ಸಾದಾ ಆಯಿಲಿನ ಕೆಲಸ ಇಷ್ಟರ ಮಟ್ಟಿಗೆ ಹಗುರವಾಗಿದೆ.

ಕರಿ ಆಯಿಲ್ ಮತ್ತು ಆರೋಗ್ಯ

ಯಾವ ಆಯಿಲ್ ಹಾಕಿದರೂ ಕೊನೆಗೆ ಅದು ಕರಿ ಆಯಿಲಾಗಿ ಹೊರಗೆ ಬರುತ್ತದೆ. ಅದರ ವಿಷಯದಲ್ಲಿ ನಮ್ಮ ಮನೆಗಳಲ್ಲಿರುವ ಅಸಡ್ಡೆಯನ್ನು ಕಂಡು ನನಗೆ ನಿಜವಾಗಿ ಚಿಂತೆಯಾಗುತ್ತದೆ. ದನದ ಗಾಯಕ್ಕೆ, ಎಮ್ಮೆಯ ಕಜ್ಜಿಗೆ ಕರಿ ಆಯಿಲ್ ಹಚ್ಚುತ್ತಾರೆ. ಗೆದ್ದಲಿಗೆಂದು ತೊಲೆಗೆ ಬಳಿಯುತ್ತಾರೆ. ಧೂಳು ಏಳದಿರಲೆಂದು ಅಂಗಳಕ್ಕೆ ಚೆಲ್ಲುತ್ತಾರೆ. ಹುಡುಗರು ಆಯಿಲಿನ ಚಿಂದಿಯನ್ನು ಕಿಸೆಯಲ್ಲೇ ತುರುಕಿಕೊಂಡು ತಿರುಗುತ್ತಾರೆ.

ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ನೂಲುವ ಕೆಲಸಗಾರರ ಪ್ಯಾಂಟು ಯಂತ್ರದ ಎಣ್ಣೆಯಿಂದ ಸದಾ ತೊಯ್ದಿರುತ್ತಿತ್ತು. ಅವರಲ್ಲಿ ವೃಷಣದ ಚೀಲದ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿರುವುದನ್ನು 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ತೋರಿಸಿಕೊಟ್ಟರು. ಸರಿಯಾಗಿ ಶುದ್ಧಿ ಮಾಡದ ಖನಿಜ ಎಣ್ಣೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಿರ್ಧರಿಸಿದೆ. ಇಂದಿನ ಹೊಸ ಆಯಿಲ್ ಚೆನ್ನಾಗಿ ಶುದ್ಧಿಯಾಗಿರುತ್ತದೆ. ಆದರೆ ಎಂಜಿನ್ನಿನಲ್ಲಿ ನೂರಾರು ತಾಸು ಬೆಂದ ಮೇಲೆ ಅಂಥದೇ ಕೆಟ್ಟ ಪದಾರ್ಥಗಳೂ ಲೋಹದ ಪುಡಿಯೂ ಅದರಲ್ಲಿ ಸೇರುತ್ತವೆ. ಸಿಂಥೆಟಿಕ್ ಆದರೂ ಬಳಸಿದ ಮೇಲೆ ಇದರಿಂದ ಮುಕ್ತವಲ್ಲ. ದನ ತನ್ನ ಮೈಯನ್ನು ನೆಕ್ಕುತ್ತದೆ, ಆ ದನದ ಹಾಲನ್ನು ಕುಡಿಯುವವರು ನಮ್ಮ ಮಕ್ಕಳು. ಗಾಯಕ್ಕೆ ಪಶುವೈದ್ಯರು ಕೊಟ್ಟ ಮುಲಾಮನ್ನೇ ಹಚ್ಚಿರಿ.

ನೀರಿನ ಮಾತು ಇನ್ನೂ ದೊಡ್ಡದು. ಒಂದು ಸಲದ ಆಯಿಲ್ ಬದಲಾವಣೆಯಿಂದ ಬಂದ ಕರಿ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿ ನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ರಕ್ಷಣಾ ಇಲಾಖೆ ಎಚ್ಚರಿಸುತ್ತದೆ. ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ತಂದರೆ ಸಾಲದೆಂಬಂತೆ ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾದ ಊರುಗಳು ನಮ್ಮವು. ನಾವು ಬಾವಿಯ ಕಟ್ಟೆಯ ಪಕ್ಕದಲ್ಲೇ ಆಯಿಲ್ ಚೆಲ್ಲುವುದು ಯಾವ ನ್ಯಾಯ? ಕರಿ ಆಯಿಲನ್ನು ಹಳೆಯ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಹಾಕಿ, ಸರ್ವಿಸ್ ಸೆಂಟರಿಗೋ ಪರವಾನಗಿ ಇರುವ ಸಂಗ್ರಹಕಾರರಿಗೋ ಕೊಡಿರಿ. ಅದನ್ನು ಮತ್ತೆ ಶುದ್ಧಿ ಮಾಡಿ ಹೊಸ ಆಯಿಲ್ ತಯಾರಿಸುತ್ತಾರೆ. ಬಳಸಿದ ಆಯಿಲಿನ ಮರುಬಳಕೆಯ ಹೊಣೆಯನ್ನು ಆಯಿಲ್ ಕಂಪನಿಗಳ ಮೇಲೆ ಹೊರಿಸುವ ಕೇಂದ್ರ ಸರ್ಕಾರದ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದು ಈಗ ಕಸವಲ್ಲ, ಬೆಲೆಯುಳ್ಳ ಮಾಲು. ಈ ಡಬ್ಬಿಗೆ ಮಾತ್ರ ತೂತು ಹೊಡೆಯಬೇಡಿ.

ಕೈಗೆ ಆಯಿಲ್ ತಗುಲಿದರೆ ಡೀಸೆಲಿನಿಂದಲೂ ಪೆಟ್ರೋಲಿನಿಂದಲೂ ತೊಳೆಯಬೇಡಿ. ಅವು ಚರ್ಮದ ಜಿಡ್ಡನ್ನು ತೆಗೆದು ವಿಷ ಒಳಗಿಳಿಯಲು ದಾರಿ ಮಾಡುತ್ತವೆ. ಮೊದಲು ಸ್ವಲ್ಪ ಅಡುಗೆ ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಸಬೂನಿನಿಂದ ತೊಳೆಯಿರಿ. ಆಯಿಲಾದ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ನೆನೆಸಬೇಡಿ.

ಮಾಡಬೇಕಾದದ್ದು ಇಷ್ಟು

1. ಟ್ರ್ಯಾಕ್ಟರಿನ ಪುಸ್ತಕ ಹುಡುಕಿ ತೆಗೆಯಿರಿ. ಅದರಲ್ಲಿ ಬರೆದ ಅಂಕಿ ಮತ್ತು ಎಪಿಐ ದರ್ಜೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿರಿ. ಆ ದರ್ಜೆಗಿಂತ ಕೆಳಗಿನದನ್ನು ತರಬೇಡಿ.

2. ಬಹಳಷ್ಟು ಟ್ರ್ಯಾಕ್ಟರುಗಳಿಗೆ 250 ತಾಸಿನ ನಿಯಮವಿದೆ. ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ನಂಬಿರಿ. ಧೂಳಿನ ಕೆಲಸ ಹೆಚ್ಚಿದ್ದರೆ ಸ್ವಲ್ಪ ಮೊದಲೇ ಬದಲಿಸಿರಿ. ತಾಸು ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.

3. ಆಯಿಲ್ ಬಿಡುವಾಗ ಎಂಜಿನ್ ಬೆಚ್ಚಗಿರಲಿ. ಮಸಿಯೆಲ್ಲ ಜೊತೆಗೇ ಇಳಿಯುತ್ತದೆ. ಫಿಲ್ಟರನ್ನೂ ಅದೇ ದಿನ ಬದಲಿಸಿರಿ.

4. ಸುರಿಯುವ ಆಲಿಕೆ, ಮುಚ್ಚಳದ ಸುತ್ತಲಿನ ಜಾಗ ಎರಡನ್ನೂ ಒರೆಸಿದ ಮೇಲೆಯೇ ಹೊಸ ಆಯಿಲ್ ಹಾಕಿರಿ.

5. ಮುಂಜಾನೆ ಚಾಲು ಮಾಡುವ ಮೊದಲು, ಸಮನಾದ ನೆಲದಲ್ಲಿ ನಿಲ್ಲಿಸಿ, ಕಡ್ಡಿ ಎತ್ತಿ ಮಟ್ಟ ನೋಡಿರಿ. ಕಡಿಮೆಯಿದ್ದು ಅದೇ ಆಯಿಲ್ ಸಿಗದಿದ್ದರೆ ಅದೇ ಅಂಕಿ, ಅದೇ ದರ್ಜೆಯ ಬೇರೆ ಆಯಿಲ್ ಸೇರಿಸಬಹುದು. ಸಾದಾ ಮತ್ತು ಸಿಂಥೆಟಿಕ್ ಬೆರೆತರೆ ಹಾನಿಯಿಲ್ಲ. ಕಡಿಮೆ ಆಯಿಲಿನಲ್ಲಿ ಓಡಿಸಿದರೆ ಮಾತ್ರ ಹಾನಿ ತಪ್ಪದು.

6. ಗೇರ್ ಬಾಕ್ಸ್, ಹೈಡ್ರಾಲಿಕ್ ಮತ್ತು ಬ್ರೇಕಿನ ಆಯಿಲ್ ಬೇರೆ. ಉಳಿದ ಎಂಜಿನ್ ಆಯಿಲನ್ನು ಅದಕ್ಕೆ ಸುರಿಯಬೇಡಿ.

ಕೊನೆಯದಾಗಿ ಒಂದು ಸೂಚನೆ. ಹಾಲಿನ ಲೆಕ್ಕಕ್ಕೆ, ಸೊಸೈಟಿಯ ಲೆಕ್ಕಕ್ಕೆ ವಹಿ ಇಟ್ಟಿದ್ದೀರಿ. ಟ್ರ್ಯಾಕ್ಟರಿಗೂ ಒಂದು ವಹಿ ಇಡಿರಿ. ಆಯಿಲ್ ಬದಲಿಸಿದ ದಿನ, ಮೀಟರಿನ ತಾಸು, ಆಯಿಲಿನ ದರ್ಜೆ, ಏರ್ ಕ್ಲೀನರ್ ಬಿಚ್ಚಿದ ದಿನ, ಇಷ್ಟನ್ನು ಬರೆದರೆ ಸಾಕು. ಶಾಲೆಗೆ ಹೋಗುವ ಮಗಳಿಗೆ ಈ ಕೆಲಸ ಒಪ್ಪಿಸಿದರೆ ಎಂದೂ ತಪ್ಪುವುದಿಲ್ಲ. ಬರುವ ಹಿಂಗಾರಿ ಬಿತ್ತನೆಗೆ ಮುಂಚೆ ಆ ವಹಿಯ ಮೊದಲ ಸಾಲು ಬರೆಯಿರಿ. ತಂದೆ ಮಕ್ಕಳು ಆಯಿಲಿನ ಹೆಸರಿಗಾಗಿ ವಾದ ಮಾಡುವ ಹೊತ್ತಿನಲ್ಲಿ ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ತೊಳೆದು ಮುಗಿಯುತ್ತದೆ.